ಮಗಳು ಗ್ರಂಜ್ ಹಾಡುತ್ತಾಳೆ: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಮೈಸೂರಿನವರು, ಈಗ ಅಮೆರಿಕದ ಸಿಯಾಟಲ್ ಪಕ್ಕದ ರೆಡ್ಮಂಡ್‌ನಲ್ಲಿದ್ದೇವೆ. ಮಗಳಿಗೆ 16 ವರ್ಷ. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತಿದ್ದಾಳೆ, ವರ್ಣಗಳವರೆಗೆ ಬಂದಿದ್ದಾಳೆ. ಕಳೆದ ವರ್ಷದಿಂದ ಎಲೆಕ್ಟ್ರಿಕ್ ಗಿಟಾರ್ ಹಿಡಿದು, ಸ್ಕೂಲಿನ ಮೂವರು ಹುಡುಗಿಯರ ಜೊತೆ ಬ್ಯಾಂಡ್ ಕಟ್ಟಿಕೊಂಡಿದ್ದಾಳೆ. ನಮ್ಮ ಗ್ಯಾರೇಜಿನಲ್ಲೇ ಪ್ರಾಕ್ಟೀಸ್. ಗ್ರಂಜ್ ಅಂತೆ, ಕಿರುಚಿ ಹಾಡುತ್ತಾಳೆ. ಪ್ರಾಕ್ಟೀಸ್ ಇದ್ದ ರಾತ್ರಿ ದನಿ ಒಡೆದುಹೋಗಿರುತ್ತದೆ. ನಮ್ಮ ಭಾವನವರು ಹೇಳುತ್ತಾರೆ: "ಅದು ಗಂಡಸರ ಸಂಗೀತ. ಅದರಲ್ಲಿ ಹೆಸರು ಮಾಡಿದ ಒಬ್ಬಳೇ ಹೆಂಗಸು ಕೋರ್ಟ್ನಿ ಲವ್, ಅವಳಿಗೂ ಹಾಡು ಬರೆದುಕೊಟ್ಟಿದ್ದು ಗಂಡ. ಮಿಕ್ಕವರು ಡ್ರಗ್ಸ್‌ಗೆ ಸತ್ತರು. ಒಬ್ಬಳನ್ನಂತೂ ಇದೇ ಸಿಯಾಟಲ್‌ನ ಬೀದಿಯಲ್ಲಿ ಕೊಂದರು." ಮಗಳು ಒಪ್ಪುವುದಿಲ್ಲ, ಆದರೆ ಅವಳ ಹತ್ತಿರವೂ ಉತ್ತರವಿಲ್ಲ. ನಿಲ್ಲಿಸಬೇಕೋ ಬಿಡಬೇಕೋ ತಿಳಿಯುತ್ತಿಲ್ಲ. ಇಷ್ಟು ವರ್ಷ ಕಲಿತ ದನಿ ಹಾಳಾಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯಗಳಿವೆ. ಆ ಲೋಕದಲ್ಲಿ ಹೆಣ್ಣುಮಕ್ಕಳಿಗೆ ಜಾಗವೇ ಇರಲಿಲ್ಲ ಅನ್ನುವುದು ಒಂದು, ಜಾಗ ಸಿಕ್ಕವರ ಬದುಕು ಹಾಳಾಯಿತು ಅನ್ನುವುದು ಇನ್ನೊಂದು, ಮೂರನೆಯದು ಗಂಟಲು. ಮೊದಲನೆಯದು ಪೂರ್ತಿ ತಪ್ಪು. ಎರಡನೆಯದರಲ್ಲಿ ಅರ್ಧ ನಿಜವಿದೆ, ಆ ಅರ್ಧವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಮೂರನೆಯದು ನಿಜ, ಕಾರಣ ಮಾತ್ರ ನೀವು ಅಂದುಕೊಂಡದ್ದಲ್ಲ. ನಾನು ರೆಕಾರ್ಡಿಂಗ್ ಎಂಜಿನಿಯರ್. ರಾಕ್ ಹಾಡುವ ಹುಡುಗಿಯರ ದನಿಯನ್ನು ಗಾಜಿನ ಈಚೆ ಕೂತು ಕೇಳುತ್ತ ಬಂದವಳು. ಗಂಟಲಿನ ವಿಚಾರ ಕೊನೆಗೆ ಬರುತ್ತೇನೆ. ಮೊದಲು ನಿಮ್ಮ ಭಾವನವರ ಮಾತನ್ನು ಒಂದೊಂದಾಗಿ ನೋಡೋಣ.

ಗ್ರಂಜ್ ಅಂದರೆ 1980ರ ದಶಕದಲ್ಲಿ ಸಿಯಾಟಲ್ ಸುತ್ತ ಬೆಳೆದ ಒರಟು ಸದ್ದಿನ ರಾಕ್ ಸಂಗೀತ. ಅದರ ಮಾತು ಬಂದ ಕೂಡಲೇ ಎಲ್ಲರೂ ಹೇಳುವುದು ನಾಲ್ಕು ಬ್ಯಾಂಡ್‌ಗಳ ಹೆಸರು: ನಿರ್ವಾಣ, ಪರ್ಲ್ ಜಾಮ್, ಸೌಂಡ್‌ಗಾರ್ಡನ್, ಆಲಿಸ್ ಇನ್ ಚೈನ್ಸ್. ಈ ನಾಲ್ಕರ ಸಾಧನೆಯ ಬಗ್ಗೆ ತಕರಾರಿಲ್ಲ. ಆದರೆ ಕಾಲದ ಕ್ರಮ ನೋಡಿ. 1983ರಲ್ಲಿ ಸಿಯಾಟಲ್‌ನಲ್ಲಿ ಬ್ಯಾಮ್ ಬ್ಯಾಮ್ ಅನ್ನುವ ಬ್ಯಾಂಡ್ ಶುರುವಾಯಿತು. ಮುಂದೆ ನಿಂತು ಹಾಡುತ್ತಿದ್ದವರು ಟೀನಾ ಬೆಲ್, ಅದೇ ಊರಿನಲ್ಲಿ ಹುಟ್ಟಿ ಬೆಳೆದ ಕಪ್ಪು ಹೆಣ್ಣುಮಗಳು. ಗಿಟಾರ್ ಅವರ ಗಂಡ ಟಾಮಿ ಮಾರ್ಟಿನ್ ಅವರದು. ಆರಂಭದಲ್ಲಿ ಡ್ರಮ್ಸ್ ನುಡಿಸಿದವರು ಮ್ಯಾಟ್ ಕ್ಯಾಮರನ್, ಮುಂದೆ ಸೌಂಡ್‌ಗಾರ್ಡನ್ ಮತ್ತು ಪರ್ಲ್ ಜಾಮ್ ಎರಡರಲ್ಲೂ ಕೂತ ಅದೇ ಮನುಷ್ಯ. 1984ರಲ್ಲಿ ಈ ಬ್ಯಾಂಡ್ ರೆಸಿಪ್ರೊಕಲ್ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿತು. ನಿರ್ವಾಣದ ಮೊದಲ ಆಲ್ಬಂ ಅದೇ ಹೆಸರಿನ ಸ್ಟುಡಿಯೋದಲ್ಲಿ, ಅಷ್ಟು ಹೊತ್ತಿಗೆ ಬೇರೆ ಕಟ್ಟಡಕ್ಕೆ ಹೋಗಿತ್ತು, ತಯಾರಾದದ್ದು 1988ರ ಕೊನೆ ಮತ್ತು 1989ರ ಆರಂಭದಲ್ಲಿ. ಬ್ಯಾಮ್ ಬ್ಯಾಮ್‌ನ ಆ 1984ರ ಮುದ್ರಿಕೆಯನ್ನು ಈಗ ಕೇಳಿದರೂ ಗೊತ್ತಾಗುತ್ತದೆ. ಪಂಕ್‌ನ ಸಿಟ್ಟು, ಹೆವಿ ಮೆಟಲ್‌ನ ಭಾರ, ಕೊಳಕು ಕೊಳಕಾದ ಗಿಟಾರ್, ಅದರ ಮೇಲೆ ಹಿಡಿತ ತಪ್ಪದ ಒಂದು ಹೆಣ್ಣು ದನಿ. ಇದಕ್ಕೆ ಗ್ರಂಜ್ ಅನ್ನದೆ ಬೇರೇನನ್ನಬೇಕು?

ಟೀನಾ ಬೆಲ್ 1990ರ ಸುಮಾರಿಗೆ ಹಾಡುವುದನ್ನೇ ಬಿಟ್ಟರು. ಮರುವರ್ಷ ಅದೇ ಊರಿನ ಸಂಗೀತ ಇಡೀ ಜಗತ್ತನ್ನು ಆವರಿಸಿತು. 2012ರಲ್ಲಿ ಲಾಸ್ ವೇಗಸ್‌ನಲ್ಲಿ ಅವರು ತೀರಿಕೊಂಡಾಗ ವಯಸ್ಸು 55. ಅದೇ ವರ್ಷದ ಆರಂಭದಲ್ಲಿ ಅವರ ಮಗ ಟಿ.ಜೆ. ಮಾರ್ಟಿನ್ ಸಾಕ್ಷ್ಯಚಿತ್ರಕ್ಕಾಗಿ ಆಸ್ಕರ್ ಪಡೆದಿದ್ದರು. ತಾಯಿಯ ಹೆಸರು ಮಾತ್ರ ಗ್ರಂಜ್ ಚರಿತ್ರೆಗೆ ಬರಲು ಇನ್ನೂ ಕೆಲವು ವರ್ಷ ಕಾಯಬೇಕಾಯಿತು. ಇದನ್ನು ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಇವರೊಬ್ಬರೇ ಅಲ್ಲ. ಸಿಯಾಟಲ್‌ನ ಈ ಹೊಸ ಸದ್ದನ್ನು ಮೊದಲ ಸಲ ಒಂದೇ ತಟ್ಟೆಯಲ್ಲಿ ಸೇರಿಸಿದ 1986ರ ಸಂಕಲನ 'ಡೀಪ್ ಸಿಕ್ಸ್'. ಅದನ್ನು ಹೊರತಂದ ಸಿ/ಝಡ್ ಲೇಬಲ್ (ರೆಕಾರ್ಡ್ ಕಂಪನಿ) ಕಟ್ಟಿದ್ದು ಕ್ರಿಸ್ ಹ್ಯಾನ್ಜೆಕ್ ಮತ್ತು ಟೀನಾ ಕಸಾಲೆ, ಇಬ್ಬರೂ ಸೇರಿ. ಆ ನಾಲ್ಕು ದೊಡ್ಡ ಹೆಸರುಗಳಲ್ಲಿ ಎರಡು ಬ್ಯಾಂಡ್‌ಗಳ, ಸೌಂಡ್‌ಗಾರ್ಡನ್ ಮತ್ತು ಆಲಿಸ್ ಇನ್ ಚೈನ್ಸ್‌ನ, ಮ್ಯಾನೇಜರ್ ಸೂಸನ್ ಸಿಲ್ವರ್. ನಿರ್ವಾಣದ ಮೊದಲ ಸಿಂಗಲ್‌ನ ಹೊದಿಕೆಗೆ ಫೋಟೋ ತೆಗೆದವರು ಆಲಿಸ್ ವೀಲರ್. ನಿರ್ವಾಣದ ಮೊದಲ ಆಲ್ಬಂ ಹೊರತಂದ ಸಬ್ ಪಾಪ್ ಲೇಬಲ್‌ನ ರಿಸೆಪ್ಷನಿಸ್ಟ್ ಆಗಿದ್ದ ಮೇಗನ್ ಜಾಸ್ಪರ್ ಮುಂದೆ ಅದೇ ಸಂಸ್ಥೆಯ ಮುಖ್ಯಸ್ಥೆಯಾದರು. 1992ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯವರು 'ಗ್ರಂಜ್ ಹುಡುಗರ ಆಡುಮಾತು ಏನೇನು' ಅಂತ ಇವರಿಗೇ ಫೋನ್ ಮಾಡಿ ಕೇಳಿದರು. ಇವರು ಆ ಕ್ಷಣಕ್ಕೆ ತೋಚಿದ್ದನ್ನೆಲ್ಲ ಕಟ್ಟಿ ಹೇಳಿದರು, ಪತ್ರಿಕೆ ಅದನ್ನು ನಿಜವೆಂದು ಅಚ್ಚು ಹಾಕಿತು. ಹೊರಗಿನ ಪತ್ರಿಕೆಗಳು ಆ ಲೋಕವನ್ನು ಎಷ್ಟು ಬಲ್ಲವು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ನಮ್ಮ ಕೈಗೆ ಬಂದ ಚರಿತ್ರೆಯ ಬಹುಪಾಲು ಬರೆದವರು ಅದೇ ಪತ್ರಿಕೆಗಳವರು.

ಬ್ಯಾಂಡ್‌ಗಳ ವಿಷಯಕ್ಕೆ ಬಂದರೆ, ಲಾಸ್ ಏಂಜಲಿಸ್‌ನ ಎಲ್‌7 ಶುರುವಾದದ್ದು 1985ರಲ್ಲಿ, ಡೊನೀಟಾ ಸ್ಪಾರ್ಕ್ಸ್ ಮತ್ತು ಸೂಜಿ ಗಾರ್ಡ್ನರ್ ಇಬ್ಬರ ಗಿಟಾರ್‌ಗಳಿಂದ. ಅವರ ಎರಡನೆಯ ಆಲ್ಬಂ 1990ರಲ್ಲಿ ಸಬ್ ಪಾಪ್‌ನಿಂದಲೇ ಬಂತು. ಮೂರನೆಯದನ್ನು 1992ರಲ್ಲಿ ರೂಪಿಸಿದವರು ಬುಚ್ ವಿಗ್, ಅಂದರೆ ಹಿಂದಿನ ವರ್ಷ ನಿರ್ವಾಣವನ್ನು ಜಗತ್ತಿನ ಕಿವಿಗೆ ಮುಟ್ಟಿಸಿದ ಅದೇ ನಿರ್ಮಾಪಕ. ಮಿನಿಯಾಪೊಲಿಸ್‌ನ ಬೇಬ್ಸ್ ಇನ್ ಟಾಯ್‌ಲ್ಯಾಂಡ್, ಕ್ಯಾಟ್ ಬ್ಯೆಲ್ಲೆಂಡ್ ಹಾಡುತ್ತಿದ್ದ ಬ್ಯಾಂಡ್, ತನ್ನ ಮೊದಲ ಆಲ್ಬಂ ಮಾಡಲು ಸಿಯಾಟಲ್‌ಗೇ ಬಂದು ರೆಕಾರ್ಡಿಂಗ್ ಎಂಜಿನಿಯರ್ ಜ್ಯಾಕ್ ಎಂಡಿನೋ ಮುಂದೆ ನುಡಿಸಿತು. ನಿರ್ವಾಣದ ಮೊದಲ ಆಲ್ಬಂ ಹಿಡಿದಿಟ್ಟವರೂ ಎಂಡಿನೋ. ಸಿಯಾಟಲ್‌ನಲ್ಲೇ ಹುಟ್ಟಿದ 7 ಇಯರ್ ಬಿಚ್ ಇತ್ತು, ಡಿಕ್‌ಲೆಸ್ ಇತ್ತು, ಇವೆಲ್ಲಕ್ಕಿಂತ ಮೊದಲು 1979ರಿಂದ ಕಿಮ್ ವಾರ್ನಿಕ್ ಮತ್ತು ಲೂಲು ಗರ್ಜೂಲೋ ಅವರ ಫಾಸ್ಟ್‌ಬ್ಯಾಕ್ಸ್ ಇತ್ತು. 1991ರ ಅಕ್ಟೋಬರ್‌ನಲ್ಲಿ ಗರ್ಭಪಾತದ ಹಕ್ಕಿಗಾಗಿ ಎಲ್‌7 ಮುಂದಾಗಿ ನಿಂತು ಹಾಲಿವುಡ್‌ನಲ್ಲಿ ಏರ್ಪಡಿಸಿದ ಸಹಾಯಾರ್ಥ ಕಛೇರಿಯಲ್ಲಿ ಎಲ್‌7, ಕೋರ್ಟ್ನಿ ಲವ್ ಅವರ ಹೋಲ್ ಮತ್ತು ನಿರ್ವಾಣ ಒಂದೇ ವೇದಿಕೆ ಹತ್ತಿದವು. ಒಂದೇ ಸ್ಟುಡಿಯೋ, ಒಂದೇ ಲೇಬಲ್, ಒಂದೇ ಎಂಜಿನಿಯರ್, ಒಂದೇ ವೇದಿಕೆ. ಇವರು ಹೊರಗಿನವರಾದದ್ದು ಹೇಗೆ?

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ 'ಅವರು ಸಿಯಾಟಲ್‌ನವರಲ್ಲ' ಅನ್ನುವುದು. ಹಾಗಿದ್ದರೆ ಸ್ಯಾನ್ ಡಿಯಾಗೋದ ಸ್ಟೋನ್ ಟೆಂಪಲ್ ಪೈಲಟ್ಸ್ ಎಲ್ಲ ಗ್ರಂಜ್ ಪಟ್ಟಿಗಳಲ್ಲೂ ಹೇಗೆ ಇದೆ? ಗಂಡಸರಿಗೆ ಊರಿನ ಗಡಿ ಸಡಿಲ, ಹೆಂಗಸರಿಗೆ ಬಿಗಿ. ಇನ್ನೊಂದು ಉತ್ತರ 'ಅವರದು ರಯಟ್ ಗರ್ಲ್ ಚಳವಳಿ, ಗ್ರಂಜ್ ಅಲ್ಲ' ಅನ್ನುವುದು. ರಯಟ್ ಗರ್ಲ್ ಅನ್ನುವುದು ನಿಜವಾಗಿಯೂ ಇತ್ತು. ಸಿಯಾಟಲ್‌ನಿಂದ ಸುಮಾರು 100 ಕಿಲೋಮೀಟರ್ ದಕ್ಷಿಣಕ್ಕಿರುವ ಒಲಿಂಪಿಯಾದಲ್ಲಿ, ಕ್ಯಾಥ್ಲೀನ್ ಹ್ಯಾನಾ ಮತ್ತು ಟೋಬಿ ವೇಲ್ ಅವರ ಬಿಕಿನಿ ಕಿಲ್ ಮತ್ತು ಬ್ರ್ಯಾಟ್‌ಮೊಬೀಲ್ ಬ್ಯಾಂಡ್‌ಗಳ ಸುತ್ತ ಕೈಬರಹದ ಪತ್ರಿಕೆ, ಸಭೆ, ಸ್ತ್ರೀವಾದಿ ಮಾತುಕತೆಗಳೊಂದಿಗೆ ಬೆಳೆದದ್ದು ಅದು. ಎಲ್‌7 ಅವರಿಗಿಂತ ಹಿರಿಯರು, ಬೇರೆ ಊರಿನವರು, ಸದ್ದೂ ಬೇರೆ. ಆದರೂ ವೇದಿಕೆಯ ಮೇಲೆ ಹೆಣ್ಣಿದ್ದರೆ ಸಾಕು, ಪತ್ರಿಕೆಗಳು ಎಲ್ಲರನ್ನೂ ಅದೇ ಹೆಸರಿನಡಿ ಬರೆದವು. ಹೀಗೆ ಬರೆದಾಗ ಗ್ರಂಜ್ ಪಟ್ಟಿಯಲ್ಲಿ ಉಳಿದವರು ಗಂಡಸರು ಮಾತ್ರ.

ಒಲಿಂಪಿಯಾದಲ್ಲೇ ಯಾಕೆ ಹುಡುಗಿಯರ ಬ್ಯಾಂಡ್‌ಗಳು ಅಷ್ಟು ಹುಟ್ಟಿದವು ಅನ್ನುವುದಕ್ಕೆ ಒಂದು ಕಾರಣವನ್ನು ಕಡಿಮೆ ಜನ ಹೇಳುತ್ತಾರೆ, ನನಗೆ ಅದು ಬಹಳ ಮುಖ್ಯ ಅನ್ನಿಸುತ್ತದೆ. 1985ರಲ್ಲಿ ಸಿಯಾಟಲ್ ನಗರ ಒಂದು ಕಟ್ಟಳೆ ತಂದಿತು. ಹದಿಹರೆಯದವರು ಬರುವ ನೃತ್ಯ ಕಾರ್ಯಕ್ರಮ ನಡೆಸುವವರು 10 ಲಕ್ಷ ಡಾಲರ್ ವಿಮೆ ಮಾಡಿಸಬೇಕು, ಕೆಲಸದ ಪಾಳಿಯಲ್ಲಿಲ್ಲದ ಪೊಲೀಸರನ್ನು ದುಡ್ಡು ಕೊಟ್ಟು ಕಾವಲಿಗೆ ಇಡಬೇಕು ಅಂತ. ಸಣ್ಣ ಸಂಘಟಕರಿಗೆ ಇದು ಅಸಾಧ್ಯವಾಗಿತ್ತು. ಸಂಗೀತ ಹೆಚ್ಚುಕಡಿಮೆ 21 ದಾಟಿದವರ ಬಾರ್‌ಗಳಿಗೆ ಸೇರಿಕೊಂಡಿತು. ಬಾರ್‌ನಲ್ಲಿ ಮುಂದಿನ ಸಾಲು ಯಾರದು ಅಂತ ಹೇಳಬೇಕಾಗಿಲ್ಲ. ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುವ ಗಂಡುಗಳದು. 16ರ ಹುಡುಗಿಗೆ ಅಲ್ಲಿ ಬಾಗಿಲೇ ಇಲ್ಲ. ಒಲಿಂಪಿಯಾದಲ್ಲಿ ಕಾಲೇಜು ಊರಿನ ವಾತಾವರಣ, ಎಲ್ಲ ವಯಸ್ಸಿನವರೂ ಬರಬಹುದಾದ ಜಾಗಗಳು ಇದ್ದವು. 1991ರ ಆಗಸ್ಟ್‌ನಲ್ಲಿ ಅಲ್ಲಿ ನಡೆದ ಸ್ವತಂತ್ರ ಸಂಗೀತ ಸಮಾವೇಶದ ಮೊದಲ ರಾತ್ರಿ ಪೂರ್ತಿ ಹೆಣ್ಣುಮಕ್ಕಳದ್ದಾಗಿತ್ತು. ಬಿಕಿನಿ ಕಿಲ್ ತಮ್ಮ ಕಛೇರಿಗಳಲ್ಲಿ ಹುಡುಗಿಯರನ್ನು ಮುಂದಕ್ಕೆ ಬರಲು, ಹುಡುಗರನ್ನು ಹಿಂದೆ ಸರಿಯಲು ಕೇಳಿಕೊಳ್ಳುತ್ತಿತ್ತು. ಸಿಯಾಟಲ್ ಆ ಕಟ್ಟಳೆಯನ್ನು ತೆಗೆದದ್ದು 2002ರಲ್ಲಿ. ನಿಮ್ಮ ಮಗಳಿಗೆ ಇವತ್ತು ಆ ಊರಿನಲ್ಲಿ ಹಾಡಲು ಜಾಗ ಇರುವುದು ಹಾಗೆ ಹೋರಾಡಿ ಪಡೆದದ್ದರಿಂದ.

ರೇಡಿಯೋದ ಪಾಲೂ ಇದೆ. ಆ ದಶಕದ ಅಮೆರಿಕನ್ ಕೇಂದ್ರಗಳಲ್ಲಿ ಎರಡು ಹೆಣ್ಣು ದನಿಗಳನ್ನು ಒಂದರ ಹಿಂದೊಂದು ಹಾಕಬಾರದು ಅನ್ನುವ ರೂಢಿ ಇತ್ತು. ಗಾಯಕಿ ಸಾರಾ ಮಕ್‌ಲಾಕ್ಲನ್ 1997ರಲ್ಲಿ ಮಹಿಳೆಯರದೇ ಪ್ರವಾಸಿ ಉತ್ಸವ ಶುರು ಮಾಡಲು ಇಂಥ ರೂಢಿಗಳ ಮೇಲಿನ ಬೇಸರವೇ ಕಾರಣ.

ಈಗ ಕೋರ್ಟ್ನಿ ಲವ್. ಹೋಲ್ ಬ್ಯಾಂಡಿನ 'ಲಿವ್ ಥ್ರೂ ದಿಸ್' ಆಲ್ಬಂ ಬಂದದ್ದು 1994ರ ಏಪ್ರಿಲ್ 12ರಂದು, ಗಂಡ, ನಿರ್ವಾಣದ ಗಾಯಕ ಕರ್ಟ್ ಕೊಬೇನ್ ಸತ್ತು ಒಂದೇ ವಾರಕ್ಕೆ. 'ಅವನೇ ಬರೆದದ್ದು' ಅನ್ನುವ ಮಾತು ಆಗಿನಿಂದ ನಿಂತಿಲ್ಲ. ಆಧಾರ ನೋಡಿ. ಆ ಆಲ್ಬಂನ ಎರಡು ಪ್ರಸಿದ್ಧ ಹಾಡುಗಳು, 'ವಯೊಲೆಟ್' ಮತ್ತು 'ಡಾಲ್ ಪಾರ್ಟ್ಸ್', 1991ರ ನವೆಂಬರ್‌ನಲ್ಲೇ ಹೋಲ್ ಬಿಬಿಸಿಯ ಜಾನ್ ಪೀಲ್ ಕಾರ್ಯಕ್ರಮಕ್ಕೆ ನುಡಿಸಿದ ಮುದ್ರಿಕೆಯಲ್ಲಿವೆ. ಲವ್ ಮತ್ತು ಕೊಬೇನ್ ಮದುವೆಯಾದದ್ದು 1992ರ ಫೆಬ್ರುವರಿಯಲ್ಲಿ. ಹಾಡುಗಳು ಬೆಳೆದದ್ದು ಲವ್ ಮತ್ತು ಗಿಟಾರಿಸ್ಟ್ ಎರಿಕ್ ಅರ್ಲ್ಯಾಂಡ್ಸನ್ ಅವರ ಜೋಡಿಯಲ್ಲಿ. ಬ್ಯಾಂಡಿನ ಸದಸ್ಯರು ಇದನ್ನು ಮತ್ತೆ ಮತ್ತೆ ಹೇಳಿದ್ದಾರೆ. ಕೊಬೇನ್ ಒಂದೆರಡು ಹಾಡುಗಳಲ್ಲಿ ಹಿಂದಿನಿಂದ ದನಿಗೂಡಿಸಿದ್ದು ನಿಜ. ಇನ್ನೊಂದು ಸಂಗತಿ: 1998ರ ಮುಂದಿನ ಆಲ್ಬಂನಲ್ಲಿ ಸ್ಮ್ಯಾಶಿಂಗ್ ಪಂಪ್ಕಿನ್ಸ್ ಬ್ಯಾಂಡಿನ ಬಿಲಿ ಕಾರ್ಗನ್ ಐದು ಹಾಡುಗಳಿಗೆ ಕೈಜೋಡಿಸಿದ್ದರು, ಅವರ ಹೆಸರು ಹೊದಿಕೆಯ ಮೇಲೆಯೇ ಅಚ್ಚಾಗಿದೆ. ಇನ್ನೊಬ್ಬರ ಕೆಲಸಕ್ಕೆ ಹೆಸರು ಹಾಕಲು ಹಿಂಜರಿಯದ ಬ್ಯಾಂಡ್ ಅದು. 1994ರಲ್ಲಿ ವಿಲೇಜ್ ವಾಯ್ಸ್ ಪತ್ರಿಕೆ ನಡೆಸಿದ ವಿಮರ್ಶಕರ ಮತಗಣನೆಯಲ್ಲಿ 'ಲಿವ್ ಥ್ರೂ ದಿಸ್' ಆ ವರ್ಷದ ಮೊದಲ ಸ್ಥಾನ ಪಡೆಯಿತು. ಅದನ್ನು ಅವರ ಕೈಯಿಂದ ಕಿತ್ತು ಸತ್ತ ಗಂಡನಿಗೆ ಕೊಡುವುದು ಅನ್ಯಾಯ.

ಇದರಿಂದ ನಿಮ್ಮ ಮಗಳಿಗೆ ಒಂದು ಕೆಲಸ ಇದೆ. ಹಾಡು ಕಟ್ಟಿದ ದಿನವೇ ಯಾರು ಏನು ಬರೆದರು ಅಂತ ಒಂದು ಕಾಗದದ ಮೇಲೆ ಬರೆದು, ನಾಲ್ವರೂ ಸಹಿ ಹಾಕಿ ಇಟ್ಟುಕೊಳ್ಳಲಿ. ಫೋನಿನಲ್ಲಿ ಒಂದು ಒರಟು ಮುದ್ರಿಕೆ ಇರಲಿ, ಅದಕ್ಕೆ ತಾರೀಖು ತಾನಾಗಿಯೇ ಬೀಳುತ್ತದೆ. ಗೆಳತಿಯರ ನಡುವೆ ಇದೆಲ್ಲ ಯಾಕೆ ಅನ್ನಿಸಬಹುದು. ಹತ್ತು ವರ್ಷದ ಮೇಲೆ ಆ ಗೆಳೆತನ ಉಳಿಸುವುದೇ ಆ ಕಾಗದ. ಸ್ಟುಡಿಯೋ ಒಳಗೆ ಕೂತವಳಾಗಿ ಹೇಳುತ್ತಿದ್ದೇನೆ, ಹುಡುಗಿಯರ ಬ್ಯಾಂಡ್ ಬಂದಾಗ 'ಇದನ್ನು ನಿಜಕ್ಕೂ ನುಡಿಸಿದ್ದು ಯಾರು' ಅಂತ ಕೇಳುವವರು ಇವತ್ತಿಗೂ ಇದ್ದಾರೆ.

ಸಾವುಗಳ ಮಾತು. 7 ಇಯರ್ ಬಿಚ್‌ನ ಗಿಟಾರಿಸ್ಟ್ ಸ್ಟೆಫನಿ ಸಾರ್ಜೆಂಟ್ 1992ರ ಜೂನ್‌ನಲ್ಲಿ ಹೋದರು, ಮದ್ಯ ಮತ್ತು ಹೆರಾಯಿನ್ ಎರಡೂ ಸೇರಿ. ಹೋಲ್‌ನ ಬೇಸ್ ವಾದಕಿ ಕ್ರಿಸ್ಟನ್ ಫಾಫ್ 1994ರ ಜೂನ್‌ನಲ್ಲಿ ಸಿಯಾಟಲ್‌ನಲ್ಲಿ, ಹೆರಾಯಿನ್‌ನಿಂದ. ಅವರಿಗೆ 27 ವರ್ಷ. ಚಿಕ್ಕಂದಿನಲ್ಲಿ ಪಿಯಾನೋ, ಚೆಲ್ಲೋ ಶಾಸ್ತ್ರೀಯವಾಗಿ ಕಲಿತಿದ್ದವರು. ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಹೆರಾಯಿನ್‌ಗೆ 1990ರಲ್ಲಿ ಹೋದ ಮದರ್ ಲವ್ ಬೋನ್ ಗಾಯಕ ಆಂಡ್ರ್ಯೂ ವುಡ್, 2002ರಲ್ಲಿ ಹೋದ ಆಲಿಸ್ ಇನ್ ಚೈನ್ಸ್ ಗಾಯಕ ಲೇನ್ ಸ್ಟೇಲಿ ಗಂಡಸರು. ಹೆರಾಯಿನ್ ಆ ಕಾಲದಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಊರುಗಳಿಗೆ ಅಗ್ಗವಾಗಿ ಹರಿದುಬರುತ್ತಿತ್ತು. ಸಂಗೀತಗಾರರಿಗೆ ಅದು ಬಾರ್‌ನಲ್ಲೂ ಪ್ರವಾಸದ ವ್ಯಾನ್‌ನಲ್ಲೂ ಕೈಗೆಟುಕುವಷ್ಟು ಹತ್ತಿರವಿತ್ತು. 'ಮಿಕ್ಕವರೆಲ್ಲ ಸತ್ತರು' ಅನ್ನುವುದಂತೂ ಸುಳ್ಳು. ಎಲ್‌7 2014ರಲ್ಲಿ ಮತ್ತೆ ಒಟ್ಟಾಯಿತು. ಹೋಲ್‌ನ ಡ್ರಮ್ಮರ್ ಪ್ಯಾಟಿ ಷೆಮೆಲ್ ಅವರ ಕಥೆಯನ್ನು ನಿಮ್ಮ ಮಗಳು ತಿಳಿದುಕೊಳ್ಳಲೇಬೇಕು. 1998ರ ಆಲ್ಬಂ ಮಾಡುವಾಗ ಸ್ಟುಡಿಯೋದಲ್ಲಿ ಅವರನ್ನು ಪಕ್ಕಕ್ಕೆ ಸರಿಸಿ ಬೇರೊಬ್ಬ ಬಾಡಿಗೆ ಡ್ರಮ್ಮರ್ ಕೈಯಲ್ಲಿ ನುಡಿಸಿದರು. ಅವರು ಬ್ಯಾಂಡ್ ಬಿಟ್ಟರು, ಮತ್ತೆ ವ್ಯಸನಕ್ಕೆ ಬಿದ್ದರು, ಬೀದಿಯಲ್ಲಿ ಮಲಗಿದರು. ಅಲ್ಲಿಂದ ಎದ್ದು ಬಂದು ಈಗ ವ್ಯಸನಮುಕ್ತರಾಗಿ, ಆ ಕಥೆಯನ್ನು ತಾವೇ ಬಾಯಿಬಿಟ್ಟು ಹೇಳುತ್ತಿದ್ದಾರೆ. ಅವರನ್ನು ಕೆಡವಿದ್ದರಲ್ಲಿ ಹೆರಾಯಿನ್‌ಗೆ ಎಷ್ಟು ಪಾಲಿದೆಯೋ ತನ್ನ ಕೆಲಸವನ್ನೇ ತನ್ನಿಂದ ಕಿತ್ತುಕೊಂಡದ್ದಕ್ಕೂ ಅಷ್ಟೇ ಪಾಲಿದೆ ಅಂತ ನನ್ನ ಅನಿಸಿಕೆ.

ಇವತ್ತಿನ ಅಪಾಯ ಫೆಂಟನಿಲ್, ಹೆರಾಯಿನ್‌ಗಿಂತ ಪ್ರಬಲವಾದ ಮಾದಕ ವಸ್ತು. ಅದು ರಾಕ್ ಬ್ಯಾಂಡಿನಲ್ಲೇ ಇರಬೇಕೆಂದಿಲ್ಲ, ಯಾವ ಹೈಸ್ಕೂಲಿನ ಪಾರ್ಟಿಯಲ್ಲಾದರೂ ನಕಲಿ ಮಾತ್ರೆಯ ರೂಪದಲ್ಲಿ ಬರಬಹುದು. ಇಂಥ ಡ್ರಗ್ಸ್ ಹೆಚ್ಚಾಗಿ ಬಿದ್ದವರನ್ನು ಉಳಿಸಬಲ್ಲ, ಮೂಗಿಗೆ ಸಿಂಪಡಿಸುವ ಔಷಧ ನಾರ್ಕಾನ್ 2023ರಿಂದ ಅಮೆರಿಕದಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಒಂದು ಡಬ್ಬಿ ಗಿಟಾರ್ ಬ್ಯಾಗಿನಲ್ಲಿರಲಿ. ನಿಮ್ಮ ವಾಷಿಂಗ್ಟನ್ ರಾಜ್ಯದಲ್ಲಿ 2010ರಿಂದ, ಯಾರಾದರೂ ಡ್ರಗ್ಸ್ ಹೆಚ್ಚಾಗಿ ಬಿದ್ದಾಗ 911ಕ್ಕೆ ಫೋನ್ ಮಾಡಿದವರ ಮೇಲೂ ಬಿದ್ದವರ ಮೇಲೂ ಡ್ರಗ್ಸ್ ಇಟ್ಟುಕೊಂಡ ಮೊಕದ್ದಮೆ ಹಾಕದಂತೆ ಕಾನೂನಿದೆ. ಈ ಎರಡು ವಿಷಯ ಮಗಳಿಗೆ ನಿಮ್ಮ ಬಾಯಿಂದಲೇ ಗೊತ್ತಾಗಲಿ. 'ಫೋನ್ ಮಾಡಿದರೆ ಅಮ್ಮ ಬೈಯುತ್ತಾಳೆ' ಅನ್ನುವ ಯೋಚನೆ ಆ ಹೊತ್ತಿನಲ್ಲಿ ಅವಳ ತಲೆಗೆ ಬರಬಾರದು.

ನಿಮ್ಮ ಭಾವನವರು ಹೇಳಿದ ಕೊಲೆ ಮಿಯಾ ಜಪಾಟಾ ಅವರದು. ದಿ ಗಿಟ್ಸ್ ಬ್ಯಾಂಡಿನ ಗಾಯಕಿ, ಆ ಊರಿನ ಅತ್ಯಂತ ಪ್ರೀತಿಪಾತ್ರ ದನಿಗಳಲ್ಲೊಂದು. 1993ರ ಜುಲೈ 7ರ ನಡುರಾತ್ರಿ ಕಳೆದ ಮೇಲೆ ಸಿಯಾಟಲ್‌ನ ಕ್ಯಾಪಿಟಲ್ ಹಿಲ್ ಬಡಾವಣೆಯಿಂದ ಒಬ್ಬರೇ ಹೊರಟವರು ಮನೆ ಸೇರಲಿಲ್ಲ. ಅತ್ಯಾಚಾರ ಮಾಡಿ ಕೊಂದವನು ಯಾರೆಂದು ಸುಮಾರು ಹತ್ತು ವರ್ಷ ಗೊತ್ತಾಗಲಿಲ್ಲ. ಅಷ್ಟೂ ವರ್ಷ ಗೆಳೆಯರು ಒಬ್ಬರನ್ನೊಬ್ಬರು ಅನುಮಾನದಿಂದ ನೋಡಬೇಕಾಯಿತು. ಅದು ಆ ಸಮುದಾಯಕ್ಕೆ ಆದ ಎರಡನೆಯ ಗಾಯ. 2003ರಲ್ಲಿ ಉಳಿಸಿಟ್ಟಿದ್ದ ಜೊಲ್ಲಿನ ಮಾದರಿಯ ಡಿಎನ್‌ಎ ಫ್ಲೋರಿಡಾದ ಒಬ್ಬನಿಗೆ ಹೊಂದಿತು, 2004ರಲ್ಲಿ ಶಿಕ್ಷೆಯಾಯಿತು. ಅವನಿಗೂ ಸಂಗೀತ ಲೋಕಕ್ಕೂ ಯಾವ ಸಂಬಂಧವೂ ಇರಲಿಲ್ಲ. ರಾತ್ರಿ ಪಾಳಿ ಮುಗಿಸಿ ಹೊರಟ ನರ್ಸಿಗೂ ಆಗಬಹುದಾಗಿದ್ದ ಅಪಾಯ ಅದು.

ಆ ಹೆಣ್ಣುಮಕ್ಕಳು ಆಮೇಲೆ ಏನು ಮಾಡಿದರು ಅನ್ನುವುದನ್ನು ನಿಮ್ಮ ಭಾವನವರು ಹೇಳಲಿಲ್ಲ. ಅದೇ ವರ್ಷ ಜಪಾಟಾ ಅವರ ಗೆಳತಿಯರು, 7 ಇಯರ್ ಬಿಚ್‌ನ ಡ್ರಮ್ಮರ್ ವ್ಯಾಲರಿ ಆಗ್ನ್ಯೂ ಸೇರಿದಂತೆ, 'ಹೋಮ್ ಅಲೈವ್' ಅನ್ನುವ ಸಂಸ್ಥೆ ಕಟ್ಟಿ ಆತ್ಮರಕ್ಷಣೆಯ ತರಗತಿ ನಡೆಸಲು ಶುರು ಮಾಡಿದರು. ಕೈಗೆ ಬಂದಷ್ಟು ದುಡ್ಡು ಕೊಟ್ಟರೆ ಸಾಕು, ಯಾರು ಬೇಕಾದರೂ ಕಲಿಯಬಹುದಿತ್ತು. 1996ರಲ್ಲಿ ಅದಕ್ಕಾಗಿ ಬಂದ ಸಂಕಲನಕ್ಕೆ ನಿರ್ವಾಣ, ಪರ್ಲ್ ಜಾಮ್, ಸೌಂಡ್‌ಗಾರ್ಡನ್ ಹಾಡು ಕೊಟ್ಟವು. ಆದ್ದರಿಂದ ನಿಮ್ಮ ಮನೆಯ ನಿಯಮ ಒಂದೇ ಸಾಕು: ಕಛೇರಿ ಮುಗಿದ ಮೇಲೆ ಯಾರೂ ಒಬ್ಬರೇ ಹೋಗುವಂತಿಲ್ಲ, ಸಾಮಾನು ಎತ್ತಿ ವ್ಯಾನಿಗೆ ತುಂಬುವಾಗಲೂ ಇಬ್ಬರಿರಬೇಕು. ಡ್ರಮ್ಮರ್ ಸಾಮಾನು ಕಟ್ಟುವುದು ಯಾವಾಗಲೂ ಕೊನೆಗೆ. ಒಂಟಿಯಾಗಿ ಉಳಿಯುವವಳು ಅವಳೇ, ಅವಳನ್ನು ಮರೆಯಬೇಡಿ.

ಇನ್ನು ಗಂಟಲು. ಇಲ್ಲಿ ತಪ್ಪು ನಿಮ್ಮ ಗ್ಯಾರೇಜಿನದು ಅಂತ ನನಗೆ ಬಲವಾದ ಅನುಮಾನ. ಕಾಂಕ್ರೀಟ್ ನೆಲ, ತಗಡಿನ ಬಾಗಿಲು, ನಡುವೆ ಡ್ರಮ್ಸ್. ಗಿಟಾರ್ ಆಂಪ್ (ಸದ್ದು ಹೆಚ್ಚಿಸುವ ಸ್ಪೀಕರ್ ಪೆಟ್ಟಿಗೆ) ನೆಲದ ಮೇಲಿದ್ದರೆ ಅದರ ಸದ್ದು ನುಡಿಸುವವಳ ಮೊಣಕಾಲಿಗೆ ಬಡಿಯುತ್ತದೆ, ಅವಳ ಕಿವಿಗೆ ಕಡಿಮೆ ಕೇಳಿಸುತ್ತದೆ. ಅವಳು ವಾಲ್ಯೂಮ್ ಏರಿಸುತ್ತಾಳೆ. ಡಿಸ್ಟಾರ್ಷನ್, ಅಂದರೆ ಸದ್ದನ್ನು ಬೇಕೆಂದೇ ಒರಟಾಗಿಸುವ ಪೆಡಲ್, ಹಾಕಿದ ಗಿಟಾರ್ ಸುಮಾರು 1,000ದಿಂದ 4,000 ಹರ್ಟ್ಸ್ ಪಟ್ಟಿಯನ್ನೆಲ್ಲ ತುಂಬಿಬಿಡುತ್ತದೆ. ಹಾಡಿನ ಮಾತು ಸ್ಪಷ್ಟವಾಗಿ ಕೇಳಿಸುವುದೂ ಅದೇ ಪಟ್ಟಿಯಲ್ಲಿ. ಹಾಡುವವಳಿಗೆ ತನ್ನ ದನಿ ತನಗೇ ಕೇಳಿಸದಾದಾಗ ಗಂಟಲು ತಾನಾಗಿಯೇ ಏರುತ್ತದೆ. ಗದ್ದಲದಲ್ಲಿ ಮನುಷ್ಯರು ಅರಿವಿಲ್ಲದೆ ಜೋರಾಗಿ ಮಾತಾಡುವುದು ಹೇಗೋ ಹಾಗೆ. ಎರಡು ಗಂಟೆ ಹೀಗೆ ಹಾಡಿದರೆ ಸೆಕೆಂಡಿಗೆ 200ಕ್ಕೂ ಹೆಚ್ಚು ಸಲ ಒಂದಕ್ಕೊಂದು ತಾಗುವ ಸ್ವರತಂತುಗಳು ಊದಿಕೊಳ್ಳುತ್ತವೆ. ದನಿ ಒಡೆಯುವುದು ಅದರಿಂದ. ಇದೇ ತಿಂಗಳುಗಟ್ಟಲೆ ನಡೆದರೆ ಅಲ್ಲಿ ಸಣ್ಣ ಗಂಟುಗಳು ಬೆಳೆಯಬಹುದು.

ಪರಿಹಾರ ಸರಳ. ಆಂಪನ್ನು ಕುರ್ಚಿಯ ಮೇಲಿಟ್ಟು, ನುಡಿಸುವವಳ ಕಿವಿಯ ಕಡೆ ವಾಲಿಸಿ. ವಾಲ್ಯೂಮ್ ಅವಳೇ ಇಳಿಸುತ್ತಾಳೆ. ಡಿಸ್ಟಾರ್ಷನ್ ಪೆಡಲ್‌ನ ಗೇನ್ (ಒರಟುತನದ ಪ್ರಮಾಣ) ಸ್ವಲ್ಪ ಕಡಿಮೆ ಮಾಡಿದರೆ ಸದ್ದು ತೆಳ್ಳಗಾಗುತ್ತದೆ ಅಂತ ಹುಡುಗಿಯರು ಹೆದರುತ್ತಾರೆ, ಮುದ್ರಿಸಿ ಕೇಳಿದಾಗ ದಪ್ಪವಾಗಿಯೇ ಕೇಳಿಸುತ್ತದೆ. ನೆಲಕ್ಕೆ ಹಳೆಯ ಜಮಖಾನ ಹಾಸಿ. ಹಾಡುವವಳ ಮುಂದೆ ಅವಳ ದನಿಗೆಂದೇ ಒಂದು ಸ್ಪೀಕರ್ ಇರಲಿ. ನಿಮ್ಮ ದುಡ್ಡು ಹೊಸ ಗಿಟಾರ್‌ಗೆ ಹೋಗುವ ಮೊದಲು ಇದಕ್ಕೆ ಹೋಗಲಿ.

ಶ್ರುತಿಯ ವಿಷಯವೂ ಇದೆ. ಪ್ರಸಿದ್ಧ ಗ್ರಂಜ್ ಹಾಡುಗಳು ಹೆಚ್ಚಿನವು ಗಂಡು ದನಿಗೆ ಕಟ್ಟಿದವು, ಅವುಗಳಲ್ಲಿ ಹಲವು ಗಿಟಾರಿನ ದಪ್ಪ ತಂತಿಯನ್ನು ಇ ಸ್ವರದಿಂದ ಡಿ ಸ್ವರಕ್ಕೆ ಇಳಿಸಿ ನುಡಿಸುವಂಥವು. ಅದೇ ಶ್ರುತಿಯಲ್ಲಿ ಹಾಡಲು ಹೋದರೆ ಹುಡುಗಿಗೆ ಕೆಳಗೆ ನಿಲುಕುವುದಿಲ್ಲ, ಒಂದು ಸ್ಥಾಯಿ ಮೇಲೆ ಹೋದರೆ ಕಿರುಚಾಟವಾಗುತ್ತದೆ. ಕರ್ನಾಟಕ ಸಂಗೀತದಲ್ಲಿ ತನ್ನ ಶ್ರುತಿ ಯಾವುದೆಂದು ಗೊತ್ತಿರುವವಳಿಗೆ ಇದು ತಕ್ಷಣ ಅರ್ಥವಾಗುತ್ತದೆ. ಕಾಪೋ (ತಂತಿಗಳನ್ನು ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್) ಹಾಕಿ ಹಾಡನ್ನು ತನ್ನ ಶ್ರುತಿಗೆ ತರಲಿ, ಇಲ್ಲವೇ ಎಲ್‌7, ಹೋಲ್ ಹಾಡುಗಳಿಂದ ಶುರು ಮಾಡಲಿ, ಅವು ಹೆಣ್ಣು ದನಿಗೇ ಕಟ್ಟಿದವು. ಒರಟು ದನಿ ಬರಿಸುವ ವಿಧಾನವೂ ಇದೆ, ಸ್ವರತಂತುಗಳ ಮೇಲಿರುವ ಮಡಿಕೆಗಳನ್ನು ಬಳಸಿ, ಉಸಿರನ್ನು ಹೊಟ್ಟೆಯಿಂದ ಹಿಡಿದು. ಅದನ್ನು ಕಲಿಸುವ ಗುರುಗಳಿದ್ದಾರೆ, ವಿಡಿಯೋ ನೋಡಿ ಕಲಿಯುವುದು ಬೇಡ. ಅವಳ ಅಕಾರ ಸಾಧನೆ ಇಲ್ಲಿ ಆಸ್ತಿ, ನಿಲ್ಲಿಸದಿರಲಿ. ತಾಳಜ್ಞಾನವೂ ಹಾಗೆಯೇ. ಸೌಂಡ್‌ಗಾರ್ಡನ್‌ನ ಹಲವು ಹಾಡುಗಳು ಏಳರ ಎಣಿಕೆಯವು, ಮಿಶ್ರ ಛಾಪು ಹಾಕಿದವಳಿಗೆ ನೀರು ಕುಡಿದಷ್ಟು ಸುಲಭ. ಅಂದಹಾಗೆ ಆ ಬ್ಯಾಂಡಿನ ಗಿಟಾರಿಸ್ಟ್ ಕಿಮ್ ಥಾಯಿಲ್ ಅವರ ತಂದೆತಾಯಿ ಕೇರಳದಿಂದ ಹೋದವರು.

ಗಮನಿಸಬೇಕಾದ ಲಕ್ಷಣ: ಪ್ರಾಕ್ಟೀಸ್ ಆದ ರಾತ್ರಿ ದನಿ ಕೊಂಚ ದಣಿದು, ಮಾರನೆಯ ಮಧ್ಯಾಹ್ನಕ್ಕೆ ಸರಿಹೋದರೆ ಚಿಂತೆಯಿಲ್ಲ, ಮುಂದಿನ ಪ್ರಾಕ್ಟೀಸಿಗೆ ಎರಡು ದಿನ ಅಂತರ ಕೊಡಿ. ಹಾಡುವಾಗ ನೋವಾದರೆ ಅಲ್ಲೇ ನಿಲ್ಲಿಸಬೇಕು. ಒಡಕು ಎರಡು ವಾರ ದಾಟಿದರೆ ಇಎನ್‌ಟಿ ವೈದ್ಯರ ಹತ್ತಿರ ಹೋಗಿ, ಕ್ಯಾಮೆರಾ ಬಿಟ್ಟು ಸ್ವರತಂತು ನೋಡಲು ಕೇಳಿ. ಪಿಸುಮಾತು ವಿಶ್ರಾಂತಿಯಲ್ಲ, ಮೌನವೇ ವಿಶ್ರಾಂತಿ. ಕಿವಿಯ ವಿಷಯದಲ್ಲಂತೂ ರಿಯಾಯಿತಿ ಇಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು 8 ಗಂಟೆ ಕೇಳಬಹುದಾದರೆ 100 ಡೆಸಿಬಲ್ ಅನ್ನು ಕೇಳಬಹುದಾದದ್ದು 15 ನಿಮಿಷ. ಗ್ಯಾರೇಜಿನ ಡ್ರಮ್ಸ್ ಸುಲಭವಾಗಿ 100 ಮುಟ್ಟುತ್ತದೆ. ಗಂಟಲಿನ ಗಂಟು ವಾಸಿಯಾಗಬಹುದು, ಹೋದ ಕಿವಿ ಬರುವುದಿಲ್ಲ. ಸಂಗೀತಗಾರರ ಇಯರ್‌ಪ್ಲಗ್ ನಾಲ್ವರಿಗೂ ಕೊಡಿಸಿ.

ನಿಲ್ಲಿಸಬೇಕೋ ಬಿಡಬೇಕೋ ಅಂತ ಕೇಳಿದ್ದೀರಿ. ನಿಲ್ಲಿಸಿದರೆ ಅವಳು ಬೇರೆಯವರ ಗ್ಯಾರೇಜಿಗೆ ಹೋಗುತ್ತಾಳೆ, ಅಲ್ಲಿನ ಸದ್ದೂ ಸಹವಾಸವೂ ನಿಮಗೆ ಕಾಣುವುದಿಲ್ಲ. ನಿಮ್ಮ ಮನೆಯಲ್ಲಿ ನಡೆಯುತ್ತಿರುವುದು ನಿಮ್ಮ ಭಾಗ್ಯ. ಪೂರ್ತಿ ಬಿಟ್ಟುಬಿಟ್ಟರೆ ಗಂಟಲಿಗೂ ಕಿವಿಗೂ ನಾನು ಹೇಳಿದ ಅಪಾಯ ಇದ್ದೇ ಇದೆ. ನನ್ನ ಸಲಹೆ, ಮನೆಯಲ್ಲೇ ನಡೆಯಲಿ, ಜೊತೆಗೆ ಸಿಯಾಟಲ್‌ನ ವೆರಾ ಪ್ರಾಜೆಕ್ಟ್ ಕಡೆ ಒಮ್ಮೆ ಹೋಗಿಬನ್ನಿ. 2001ರಲ್ಲಿ ಶುರುವಾದದ್ದು, ಎಲ್ಲ ವಯಸ್ಸಿನವರಿಗೂ ಪ್ರವೇಶ, ಮದ್ಯವಿಲ್ಲ, ಹುಡುಗರು ಹುಡುಗಿಯರೇ ಸ್ವಯಂಸೇವಕರಾಗಿ ಸೌಂಡ್ ನಡೆಸಲು ಕಲಿಯುತ್ತಾರೆ. ಮೊದಲ ಕಛೇರಿ ಇಂಥ ಜಾಗದಲ್ಲಾಗಲಿ. ಬಾರ್‌ಗಳಿಂದ ಕರೆ ಬಂದರೆ 21 ಆಗುವವರೆಗೆ ಬೇಡ ಅನ್ನಿ, ಇದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ. ಹಣ ಕೊಟ್ಟು ಮುದ್ರಿಸಿಕೊಡುತ್ತೇನೆ, ಸಹಿ ಹಾಕಿ ಅನ್ನುವವರು ಬಂದರೆ, ಅವಳು ಅಪ್ರಾಪ್ತೆ, ನೀವು ವಕೀಲರಿಗೆ ತೋರಿಸದೆ ಏನಕ್ಕೂ ಸಹಿ ಮಾಡಬೇಡಿ.

ಭಾವನವರಿಗೆ ಉತ್ತರ ಕೊಡಬೇಕಿದ್ದರೆ ಮಗಳಿಗೆ ಈ ಕ್ರಮದಲ್ಲಿ ಕೇಳಿಸಿ: ಮೊದಲು ಬ್ಯಾಮ್ ಬ್ಯಾಮ್‌ನ 1984ರ ಮುದ್ರಿಕೆ, ಆಮೇಲೆ ಎಲ್‌7ನ 1992ರ ಆಲ್ಬಂ, ಬೇಬ್ಸ್ ಇನ್ ಟಾಯ್‌ಲ್ಯಾಂಡ್‌ನ ಮೊದಲನೆಯದು, ಜಪಾಟಾ ಅವರಿಗೇ ಅರ್ಪಿಸಿದ 7 ಇಯರ್ ಬಿಚ್‌ನ 1994ರ ಆಲ್ಬಂ, ಕೊನೆಗೆ 'ಲಿವ್ ಥ್ರೂ ದಿಸ್'. ಕೊನೆಯ ಎರಡರಲ್ಲಿ ಹೆಣ್ಣಿನ ಮೇಲಿನ ಹಿಂಸೆಯ ಬಗ್ಗೆ ನೇರ ಮಾತುಗಳಿವೆ. ಅವನ್ನು ನೀವೂ ಅವಳ ಜೊತೆ ಕೂತು ಕೇಳಿ, ಅವಳು ಕೇಳುವ ಪ್ರಶ್ನೆಗಳಿಗೆ ನೀವು ಅಲ್ಲೇ ಇರಬೇಕು.